ಬನ್ನಿ ಅಂದವರೇ ಬಾಗಿಲು ಹಾಕಿದರು: ಕ್ಯಾಲಿಫೋರ್ನಿಯಾಕ್ಕೆ ಜನ ಬಂದ ಕಥೆ

2025ರ ಸೆಪ್ಟೆಂಬರ್ 19, ಶುಕ್ರವಾರ. ಅಮೆರಿಕದ ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರು. ಹೊರದೇಶದ ನುರಿತ ಕೆಲಸಗಾರರನ್ನು ಕರೆಸಿಕೊಳ್ಳುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಕಂಪನಿಗಳು 1,00,000 ಡಾಲರ್ ಕಟ್ಟಬೇಕು ಅಂತ. ನಮ್ಮ ದುಡ್ಡಲ್ಲಿ ಸುಮಾರು 88 ಲಕ್ಷ ರೂಪಾಯಿ. ಜಾರಿ ಭಾನುವಾರದಿಂದಲೇ. ಅವತ್ತು ಇಲ್ಲಿ ಮಹಾಲಯ ಅಮಾವಾಸ್ಯೆ, ಮರುದಿನ ನವರಾತ್ರಿ ಶುರು. ಹಬ್ಬಕ್ಕೆ ಅಂತ ಊರಿಗೆ ಬಂದಿದ್ದವರು ಸೂಟ್‌ಕೇಸ್ ಬಿಚ್ಚುವ ಮೊದಲೇ ವಾಪಸ್ ಟಿಕೆಟ್ ಹುಡುಕಿದರು. ಈಗಾಗಲೇ ವೀಸಾ ಇದ್ದವರಿಗೆ ಇದು ತಟ್ಟುವುದಿಲ್ಲ ಅನ್ನುವ ವಿವರಣೆ ಬಂದಿದ್ದು ಶನಿವಾರ.

ಅದೇ ವರ್ಷ ಜನವರಿ 20ರಂದು ಇನ್ನೊಂದು ಆದೇಶ ಬಂದಿತ್ತು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ, ಅಂಥವರ ಮಗು ಅಮೆರಿಕದಲ್ಲೇ ಹುಟ್ಟಿದರೂ ಪೌರತ್ವ ಸಿಗಬಾರದು ಅಂತ. ಅದು ಕೋರ್ಟ್ ಮೆಟ್ಟಿಲೇರಿತು. ಆಗ ವಾಂಗ್ ಕಿಮ್ ಆರ್ಕ್ ಅನ್ನುವ ಹೆಸರು ಮತ್ತೆ ಮತ್ತೆ ಕೇಳಿಬಂತು. ಯಾರಪ್ಪ ಇವನು? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಒಬ್ಬ ಅಡುಗೆಯವ. ಅವನು ಕೇಸು ಗೆದ್ದಿದ್ದು 1898ರಲ್ಲಿ.

ಈ ಎರಡು ಎಳೆ ಹಿಡಿದು ಹಿಂದಕ್ಕೆ ಹೋದರೆ ನಾವು ತಲುಪುವುದು ಕ್ಯಾಲಿಫೋರ್ನಿಯಾಕ್ಕೆ. ವಿಸ್ತಾರದಲ್ಲಿ ಅದು ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. ಜನ ಮಾತ್ರ ಸುಮಾರು 3.9 ಕೋಟಿ. 2020ರ ಜನಗಣತಿ ಪ್ರಕಾರ ಅಲ್ಲಿ ಲ್ಯಾಟಿನೋ ಮೂಲದವರು ಶೇ 39ರಷ್ಟು, ಬಿಳಿಯರು ಶೇ 35ರಷ್ಟು, ಏಷ್ಯಾದವರು ಶೇ 15ರಷ್ಟು, ಕರಿಯರು ಶೇ 5ಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಅಲ್ಲಿ ಯಾರೂ ಬಹುಸಂಖ್ಯಾತರಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಜನ ಹುಟ್ಟಿದ್ದೇ ಬೇರೆ ದೇಶದಲ್ಲಿ.

ಇಷ್ಟು ಬಗೆಯ ಜನ ಸೇರಿದ್ದು ಹೇಗೆ? ಕೇಳಿದರೆ ಉತ್ತರ ಸಣ್ಣದು. ಕೆಲಸಕ್ಕೆ ಕೈ ಕಡಿಮೆ ಬಿದ್ದಾಗ ಬನ್ನಿ ಅಂದರು, ಕೈ ಜಾಸ್ತಿಯಾಯಿತು ಅನಿಸಿದಾಗ ಬಾಗಿಲು ಹಾಕಿದರು, ಆಮೇಲೆ ಬೇರೆ ಕಡೆಯಿಂದ ಇನ್ನೊಬ್ಬರನ್ನು ಕರೆದರು. ಇದು ಎಷ್ಟು ಸಲ ತಿರುಗಿತು, ಒಂದೊಂದು ಸಲ ಯಾರು ಸಿಕ್ಕಿಬಿದ್ದರು ಅನ್ನುವುದನ್ನು ಹೇಳಲು ಸ್ವಲ್ಪ ಜಾಗ ಬೇಕು.

ಮೊದಲು ಮೂರು ಪದ

ವೀಸಾ, ಗ್ರೀನ್ ಕಾರ್ಡ್, ಪೌರತ್ವ. ಮೂರನ್ನೂ ನಾವು ಒಂದೇ ಉಸಿರಲ್ಲಿ ಹೇಳುತ್ತೇವೆ. ಆದರೆ ಇವು ಬೇರೆ ಬೇರೆ. ಒಂದು ಮನೆ ಅಂದುಕೊಳ್ಳಿ. ವೀಸಾ ಇರುವವರು ಒಳಗೆ ಬರಬಹುದು, ಆದರೆ ಇಷ್ಟು ದಿನ, ಇಂಥ ಕೆಲಸಕ್ಕೆ ಅಂತ ಲೆಕ್ಕ. ಗ್ರೀನ್ ಕಾರ್ಡ್ ಇರುವವರು ಅಲ್ಲೇ ಉಳಿಯಬಹುದು, ಬೇಕಾದ ಕೆಲಸ ಹಿಡಿಯಬಹುದು, ಓಟು ಮಾತ್ರ ಇಲ್ಲ. ಪೌರತ್ವ ಇದ್ದವರು ಮನೆಯವರೇ.

ಪೌರತ್ವಕ್ಕೆ ಎರಡು ದಾರಿ. ಒಂದು, ಹುಟ್ಟಿನಿಂದ ಬರುವುದು. ಇನ್ನೊಂದು, ಬೇರೆ ದೇಶದಿಂದ ಬಂದವರು ಅರ್ಜಿ ಹಾಕಿ ಪಡೆಯುವುದು. ಈ ಎರಡನೇ ದಾರಿಗೆ ಅಮೆರಿಕ 1790ರಲ್ಲೇ ಒಂದು ಷರತ್ತು ಹಾಕಿತ್ತು: ಅರ್ಜಿದಾರ ‘ಸ್ವತಂತ್ರ ಬಿಳಿಯ’ ಆಗಿರಬೇಕು. ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಬಿಳಿಯರ ಸಾಲಿನಲ್ಲೂ ಇಲ್ಲ, ಆಫ್ರಿಕಾದವರ ಸಾಲಿನಲ್ಲೂ ಇಲ್ಲ. ನಡುವೆ ನೇತಾಡಿದರು. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಕಥೆ ಈ ಒಂದು ಷರತ್ತಿನ ಮೇಲೆ ನಿಂತಿದೆ.

ಇನ್ನೊಂದು ಮಾತು. ದೇಶದೊಳಗೆ ಯಾರನ್ನು ಬಿಡಬೇಕು ಅನ್ನುವುದು ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ ಕೆಲಸ. ಆದರೆ ಒಳಗೆ ಬಂದವರು ಜಮೀನು ಕೊಳ್ಳಬಹುದೇ, ಯಾರನ್ನು ಮದುವೆಯಾಗಬಹುದು, ಮಕ್ಕಳು ಯಾವ ಶಾಲೆಗೆ ಹೋಗಬೇಕು ಅನ್ನುವ ಕಾನೂನುಗಳನ್ನು ರಾಜ್ಯವೇ ಮಾಡುತ್ತಿತ್ತು. ಕ್ಯಾಲಿಫೋರ್ನಿಯಾ ಇದರಲ್ಲಿ ಹಿಂದೆ ಬೀಳಲಿಲ್ಲ.

ಮೊದಲೇ ಇದ್ದವರು

1769ಕ್ಕೂ ಮುಂಚೆ ಆ ನೆಲದಲ್ಲಿ ಸುಮಾರು 3 ಲಕ್ಷ ಮೂಲನಿವಾಸಿಗಳಿದ್ದರು, ನೂರರ ಹತ್ತಿರ ಭಾಷೆಗಳಿದ್ದವು ಅಂತ ಇತಿಹಾಸಕಾರರ ಅಂದಾಜು. ಆ ವರ್ಷ ಸ್ಪೇನಿನವರು ಸ್ಯಾನ್ ಡಿಯಾಗೋದಲ್ಲಿ ಮೊದಲ ಮಿಷನ್ ಕಟ್ಟಿದರು. ಮಿಷನ್ ಅಂದರೆ ಚರ್ಚು, ಹೊಲ, ಕೊಟ್ಟಿಗೆ ಎಲ್ಲ ಒಟ್ಟಿಗೆ ಇದ್ದ ಒಂದು ದೊಡ್ಡ ಆವರಣ. ಕರಾವಳಿ ಉದ್ದಕ್ಕೂ ಇಂಥವು 21 ಎದ್ದವು. ದೀಕ್ಷೆ ಪಡೆದ ಮೂಲನಿವಾಸಿ ಅಲ್ಲೇ ದುಡಿಯಬೇಕು, ಬಿಟ್ಟು ಹೋದರೆ ಹಿಡಿದು ತರುತ್ತಿದ್ದರು. ಹೊಸ ರೋಗಗಳಿಗೆ ಸತ್ತವರಿಗೆ ಲೆಕ್ಕವಿಲ್ಲ. 1821ರಲ್ಲಿ ಸ್ಪೇನ್ ಹೋಗಿ ಮೆಕ್ಸಿಕೊ ಬಂತು. ದೊಡ್ಡ ದೊಡ್ಡ ದನದ ಜಹಗೀರುಗಳು ಹುಟ್ಟಿಕೊಂಡವು.

ಅಮೆರಿಕದ ಕೈಗೆ ಬಂದ ಮೇಲೆ ಆಗಿದ್ದು ಇನ್ನೂ ಕೆಟ್ಟದ್ದು. 1850ರ ಒಂದು ಕಾನೂನಿನ ಹೆಸರಲ್ಲಿ ‘ರಕ್ಷಣೆ’ ಅನ್ನುವ ಪದವಿತ್ತು. ಅದರಡಿ, ಸುಮ್ನೆ ಅಲೆಯುತ್ತಿದ್ದಾನೆ ಅಂತ ಒಬ್ಬ ಮೂಲನಿವಾಸಿಯನ್ನು ಹಿಡಿದು, ಅವನ ದುಡಿಮೆಯನ್ನು ಹರಾಜು ಹಾಕಬಹುದಿತ್ತು. ನಮ್ಮಲ್ಲಿ ಇದಕ್ಕೆ ಜೀತ ಅನ್ನುತ್ತೇವೆ. ಅವರನ್ನು ಬೇಟೆಯಾಡಿದ ಪಡೆಗಳ ಖರ್ಚನ್ನು ಸರ್ಕಾರವೇ ಕೊಟ್ಟಿತು. 1900ರ ಹೊತ್ತಿಗೆ ಉಳಿದವರು 20 ಸಾವಿರಕ್ಕೂ ಕಡಿಮೆ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಇದನ್ನು ನರಮೇಧ ಅಂತಲೇ ಕರೆದು, ರಾಜ್ಯದ ಪರವಾಗಿ ಕ್ಷಮೆ ಕೇಳಿದರು.

ಒಂಬತ್ತು ದಿನದ ಅಂತರ

1848ರ ಜನವರಿ 24. ಕೊಲೋಮಾ ಅನ್ನುವಲ್ಲಿ ಹೊಳೆದಂಡೆಯ ಮೇಲೆ ಮರ ಕೊಯ್ಯುವ ಮಿಲ್ಲು ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್‌ಗೆ ನೀರಿನಲ್ಲಿ ಹೊಳೆಯುವ ಚೂರು ಸಿಕ್ಕಿತು. ಬಂಗಾರ. ಒಂಬತ್ತು ದಿನ ಬಿಟ್ಟು, ಫೆಬ್ರವರಿ 2ರಂದು, ಯುದ್ಧದಲ್ಲಿ ಸೋತ ಮೆಕ್ಸಿಕೊ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬರೆದುಕೊಟ್ಟಿತು. ಬಂಗಾರದ ಸುದ್ದಿ ಸಹಿ ಹಾಕಿದವರಿಗೆ ಇನ್ನೂ ಮುಟ್ಟಿರಲಿಲ್ಲ.

ಆಮೇಲೆ ಜಾತ್ರೆ. ಸಾವಿರದಷ್ಟು ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1849 ಮುಗಿಯುವಷ್ಟರಲ್ಲಿ ಸುಮಾರು 25 ಸಾವಿರ ಮಂದಿ. ಚಿಲಿ, ಪೆರು, ಮೆಕ್ಸಿಕೊ, ಫ್ರಾನ್ಸ್, ಐರ್ಲೆಂಡ್, ಹವಾಯಿ, ಆಸ್ಟ್ರೇಲಿಯಾ, ಚೀನಾ ಎಲ್ಲ ಕಡೆಯಿಂದ ಬಂದರು. 1850ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವಾಯಿತು. ಅದೇ ವರ್ಷ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಬಿತ್ತು. ಬಂದು ವರ್ಷವೂ ಆಗಿರದ ಅಮೆರಿಕನ್ನರು, ತಲೆಮಾರುಗಳಿಂದ ಅಲ್ಲೇ ಇದ್ದ ಸ್ಪ್ಯಾನಿಷ್ ಮಾತಿನವರನ್ನು ‘ವಿದೇಶಿ’ ಅಂದರು.

ಆ ಹಳೆಯ ಮೆಕ್ಸಿಕನ್ ಕುಟುಂಬಗಳ ಜಮೀನಿನ ಗತಿಯೂ ಅಷ್ಟೇ. ಒಪ್ಪಂದದಲ್ಲಿ ಆಸ್ತಿಗೆ ರಕ್ಷಣೆ ಇತ್ತು. ಆದರೆ 1851ರ ಕಾನೂನು, ಹಕ್ಕುಪತ್ರ ತಂದು ಸಾಬೀತು ಮಾಡಿ ಅಂದಿತು. ಹಳೆಯ ಪತ್ರಗಳಲ್ಲಿ ಗಡಿ ಅಂದರೆ ‘ಆ ಓಕ್ ಮರದಿಂದ ಈ ಹಳ್ಳದವರೆಗೆ’. ಕೇಸುಗಳು ಸರಾಸರಿ 17 ವರ್ಷ ಎಳೆದವು. ಗೆದ್ದವರಲ್ಲೂ ಎಷ್ಟೋ ಮಂದಿ ವಕೀಲರ ಫೀಸಿಗೇ ಜಮೀನು ಮಾರಿಕೊಂಡರು. ತಾಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬಂಗಾರದ ಬೆಟ್ಟಕ್ಕೆ ಬಂದವರು

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರು ಕ್ಯಾಲಿಫೋರ್ನಿಯಾಕ್ಕೆ ಇಟ್ಟ ಹೆಸರು ಗಮ್ ಸಾನ್, ಬಂಗಾರದ ಬೆಟ್ಟ. 1852ರ ಒಂದೇ ವರ್ಷ ಸುಮಾರು 20 ಸಾವಿರ ಚೀನೀಯರು ಬಂದಿಳಿದರು. ಮೊದಲು ಗಣಿ, ಆಮೇಲೆ ರೈಲು. 1865ರಿಂದ 1869ರವರೆಗೆ ಸಿಯೆರಾ ನೆವಾಡಾ ಬೆಟ್ಟಸಾಲನ್ನು ಕೊರೆದು ಸೆಂಟ್ರಲ್ ಪೆಸಿಫಿಕ್ ಎಂಬ ರೈಲು ಕಂಪನಿಯ ಹಳಿ ಹಾಕಿದವರು ಮುಖ್ಯವಾಗಿ ಅವರೇ, 10ರಿಂದ 15 ಸಾವಿರ ಮಂದಿ. ಗಟ್ಟಿ ಕಲ್ಲಿನಲ್ಲಿ ದಿನಕ್ಕೆ ಒಂದು ಅಡಿ ಸುರಂಗ ಮುಂದೆ ಹೋದರೆ ಅದೇ ದೊಡ್ಡದು. 1867ರ ಜೂನ್‌ನಲ್ಲಿ, ಬಿಳಿಯರಿಗೆ ಕೊಡುವಷ್ಟೇ ಕೂಲಿ ಕೊಡಿ ಅಂತ ಕೆಲಸ ನಿಲ್ಲಿಸಿದರು. ಕಂಪನಿ ಬೆಟ್ಟದ ಮೇಲಕ್ಕೆ ಹೋಗುವ ದಿನಸಿಯನ್ನೇ ನಿಲ್ಲಿಸಿತು. ಒಂದು ವಾರದಲ್ಲಿ ಮುಷ್ಕರ ಮುಗಿಯಿತು.

ರೈಲು ಮುಗಿದ ಮೇಲೆ ಇಷ್ಟೂ ಜನ ಕೆಲಸ ಹುಡುಕಿಕೊಂಡು ಕೆಳಗಿಳಿದರು. 1870ರ ದಶಕದಲ್ಲಿ ದೇಶದ ತುಂಬ ಮಂದಿ ಕೆಲಸವಿಲ್ಲದೆ ಕೂತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆನಿಸ್ ಕಿಯರ್ನಿ ಎನ್ನುವವನು ‘ಚೀನೀಯರು ತೊಲಗಬೇಕು’ ಅನ್ನುವ ಒಂದು ಘೋಷಣೆಯಿಂದಲೇ ನಾಯಕನಾದ. ಅವನೂ ವಲಸಿಗನೇ, ಐರ್ಲೆಂಡಿನವನು. 1882ರಲ್ಲಿ ಕೇಂದ್ರ ಸರ್ಕಾರ ಚೀನೀ ಕೂಲಿಕಾರರ ಪ್ರವೇಶವನ್ನೇ ನಿಲ್ಲಿಸಿತು. ಒಂದು ದೇಶದ ಜನರನ್ನು ಹೆಸರು ಹಿಡಿದು ತಡೆಯುವ ಕಾನೂನು ಅಮೆರಿಕದಲ್ಲಿ ಅದೇ ಮೊದಲು. ವರ್ತಕರು, ವಿದ್ಯಾರ್ಥಿಗಳು, ಶಿಕ್ಷಕರಿಗೆ ಮಾತ್ರ ಸಂದಿಯಷ್ಟು ಬಾಗಿಲು ಬಿಟ್ಟರು.

ಇಲ್ಲಿ ವಾಂಗ್ ಕಿಮ್ ಆರ್ಕ್ ಬರುತ್ತಾನೆ. 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು. ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ ಬಂದರಿನಲ್ಲಿ ತಡೆದರು. ನೀನು ಚೀನೀಯ, ಪೌರನಲ್ಲ ಅಂದರು. ಅವನ ವಾದ ಸರಳ: ಅರ್ಜಿ ಹಾಕಿ ಪೌರತ್ವ ಪಡೆಯುವ ದಾರಿ ನನಗಿಲ್ಲ, ಸರಿ. ಆದರೆ ನಾನು ಹುಟ್ಟಿದ್ದು ಇಲ್ಲೇ. ಇಲ್ಲಿ ಹುಟ್ಟಿದವರೆಲ್ಲ ಪೌರರು ಅಂತ ಸಂವಿಧಾನದ 14ನೇ ತಿದ್ದುಪಡಿ ಹೇಳುತ್ತದೆ. 1898ರಲ್ಲಿ ಸುಪ್ರೀಂ ಕೋರ್ಟ್ 6-2 ಮತಗಳಿಂದ ಅವನ ಮಾತು ಒಪ್ಪಿತು. ಅಂದಿನಿಂದ ಹುಟ್ಟಿನ ಪೌರತ್ವದ ಬುಡ ಈ ತೀರ್ಪೇ.

ಇದರ ಬಾಲದಲ್ಲಿ ಒಂದು ವಿಚಿತ್ರ ಉಂಟು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ನಗರದ ಜನನ ದಾಖಲೆಗಳು ಸುಟ್ಟುಹೋದವು. ಎಷ್ಟೋ ಚೀನೀಯರು ‘ನಾನೂ ಇಲ್ಲೇ ಹುಟ್ಟಿದ್ದು’ ಅಂದರು. ಇಲ್ಲ ಅನ್ನಲು ಕಾಗದವೇ ಇಲ್ಲ. ಪೌರನ ಮಕ್ಕಳೂ ಪೌರರು. ಹಾಗಾಗಿ ಊರಿಗೆ ಹೋಗಿಬಂದವನು ಅಲ್ಲಿ ತನಗೊಬ್ಬ ಮಗ ಹುಟ್ಟಿದ ಅಂತ ಬರೆಸುತ್ತಿದ್ದ. ಇಲ್ಲದ ಆ ಮಗನ ಜಾಗವನ್ನು ಬೇರೆಯವರ ಹುಡುಗನಿಗೆ ಮಾರುತ್ತಿದ್ದರು. ಇಂಥವರಿಗೆ ‘ಕಾಗದದ ಮಕ್ಕಳು’ ಅಂತಲೇ ಹೆಸರು. ಕೊಂಡ ಹುಡುಗ ಹಡಗು ಹತ್ತುವ ಮೊದಲು ಹೊಸ ಅಪ್ಪ, ಹೊಸ ಊರು, ಹೊಸ ಮನೆತನವನ್ನು ಬಾಯಿಪಾಠ ಮಾಡಬೇಕು.

ಅಧಿಕಾರಿಗಳಿಗೂ ಇದು ಗೊತ್ತಿತ್ತು. 1910ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ವಿಚಾರಣೆಯ ಠಾಣೆ ತೆರೆದರು. ಅಲ್ಲಿ ಕೇಳುತ್ತಿದ್ದ ಪ್ರಶ್ನೆಗಳ ಧಾಟಿ ನೋಡಿ. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಬಾಗಿಲು ಯಾವ ದಿಕ್ಕಿಗಿದೆ? ನಿಮ್ಮ ಸಾಲಿನ ಮೂರನೇ ಮನೆಯಲ್ಲಿ ಯಾರಿದ್ದಾರೆ? ಊರಿನ ಬಾವಿ ಎಲ್ಲಿದೆ? ಅಕ್ಕಿಯ ಡಬ್ಬ ಎಲ್ಲಿಡುತ್ತೀರಿ? ಅದೇ ಪ್ರಶ್ನೆಗಳನ್ನು ಅಪ್ಪ ಅನ್ನಿಸಿಕೊಂಡವನಿಗೂ ಕೇಳುವುದು, ಉತ್ತರ ತಾಳೆ ನೋಡುವುದು. ನಮ್ಮನ್ನೇ ಕೂರಿಸಿ, ಅಜ್ಜಿಮನೆಗೆ ಎಷ್ಟು ಮೆಟ್ಟಿಲಿತ್ತು ಅಂತ ಕೇಳಿದರೆ? ನಿಜವಾದ ಮಕ್ಕಳೂ ತಪ್ಪು ಹೇಳಿ ಸಿಕ್ಕಿಬಿದ್ದರು. ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಅಲ್ಲೇ ಕೊಳೆತರು. ಮರದ ಗೋಡೆಗಳ ಮೇಲೆ ಚೀನೀ ಲಿಪಿಯಲ್ಲಿ ಕವನ ಕೊರೆದರು. ಠಾಣೆ 1940ರಲ್ಲಿ ಮುಚ್ಚಿತು. 1970ರಲ್ಲಿ ಕಟ್ಟಡ ಕೆಡವಬೇಕು ಅನ್ನುವ ಹೊತ್ತಿಗೆ, ಅಲೆಕ್ಸಾಂಡರ್ ವೈಸ್ ಎಂಬ ಪಾರ್ಕ್ ಕಾವಲುಗಾರ ಟಾರ್ಚ್ ಬೆಳಕಿನಲ್ಲಿ ಆ ಅಕ್ಷರಗಳನ್ನು ಕಂಡ. ಕಟ್ಟಡ ಉಳಿಯಿತು. ಇವತ್ತೂ ಹೋಗಿ ನೋಡಬಹುದು.

ಚೀನೀಯರ ಮೇಲಿನ ತಡೆ ಹೋಗಿದ್ದು 1943ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಚೀನಾ ಅಮೆರಿಕದ ಮಿತ್ರ, ಹಾಗಾಗಿ. ಆಗಲೂ ಬಿಟ್ಟ ಕೋಟಾ ವರ್ಷಕ್ಕೆ 105 ಜನ.

ಹೊಲ ಉತ್ತವರ ಹೆಸರು ಪಹಣಿಯಲ್ಲಿಲ್ಲ

ಚೀನೀಯರು ನಿಂತರು. ಹೊಲದ ಕೆಲಸ ನಿಲ್ಲಲಿಲ್ಲ. ಆ ಜಾಗಕ್ಕೆ ಜಪಾನೀಯರು ಬಂದರು. ಕೂಲಿಯಾಗಿ ಬಂದವರು ಕೆಲವೇ ವರ್ಷಗಳಲ್ಲಿ ಸ್ಟ್ರಾಬೆರಿ, ತರಕಾರಿ ಬೆಳೆಯುವ ರೈತರಾದರು. ಕೂಲಿ ಆಗಿದ್ದಾಗ ಬೇಕಾಗಿದ್ದವರು, ಪೈಪೋಟಿಗೆ ನಿಂತಾಗ ಬೇಡವಾದರು.

1913ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ಜಮೀನು ಕಾನೂನು ತಂದಿತು. ಅದರಲ್ಲಿ ಜಪಾನ್ ಅನ್ನುವ ಪದವೇ ಇಲ್ಲ. ‘ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು’ ಜಮೀನು ಕೊಳ್ಳುವಂತಿಲ್ಲ ಅಂತ ಅಷ್ಟೇ. ಆ 1790ರ ಷರತ್ತು ನೆನಪಿದೆಯಲ್ಲ? ಅರ್ಹರಲ್ಲದವರು ಅಂದರೆ ಏಷ್ಯಾದವರು. ರೈತರು ಅಮೆರಿಕದಲ್ಲಿ ಹುಟ್ಟಿದ ತಮ್ಮ ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿಸಿದರು. ಉಳುವವನು ಅಪ್ಪ, ಮಾಲೀಕ ತೊಟ್ಟಿಲಲ್ಲಿರುವ ಮಗು. ಸರ್ಕಾರ 1920ರಲ್ಲಿ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶ 9066ಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ತರಬಹುದು. ಅಂಗಡಿ, ಟ್ರ್ಯಾಕ್ಟರು, ನಿಂತ ಬೆಳೆ ಎಲ್ಲ ಸಿಕ್ಕ ಬೆಲೆಗೆ ಹೋಯಿತು. ಕ್ಯಾಲಿಫೋರ್ನಿಯಾದ ಮಾನ್ಜನಾರ್ ಶಿಬಿರದ ಜಾಗ ಈಗ ಸ್ಮಾರಕ. 1988ರಲ್ಲಿ ಸರ್ಕಾರ ತಪ್ಪು ಒಪ್ಪಿಕೊಂಡು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು.

ಸಿಂಗ್ ಅಂತ ಅಡ್ಡಹೆಸರು, ಮರಿಯಾ ಅಂತ ಹೆಸರು

ಭಾರತದವರು ಅಮೆರಿಕಕ್ಕೆ ಹೋಗಿದ್ದು ಕಂಪ್ಯೂಟರ್ ಬಂದ ಮೇಲೆ ಅಂತ ನಾವು ಅಂದುಕೊಳ್ಳುವುದುಂಟು. ಅದಕ್ಕೂ ನೂರು ವರ್ಷ ಮುಂಚೆ ಪಂಜಾಬಿನ ರೈತರು ಅಲ್ಲಿದ್ದರು. ಮರದ ಮಿಲ್ಲು, ರೈಲು ಹಳಿ, ಆಮೇಲೆ ಸ್ಯಾಕ್ರಮೆಂಟೊ ಮತ್ತು ಇಂಪೀರಿಯಲ್ ಕಣಿವೆಗಳ ಹೊಲ. ಬಹುಪಾಲು ಸಿಖ್ಖರು, ಜೊತೆಗೆ ಮುಸ್ಲಿಮರು, ಸ್ವಲ್ಪ ಹಿಂದೂಗಳು. ಅಲ್ಲಿನವರ ಬಾಯಲ್ಲಿ ಎಲ್ಲರೂ ‘ಹಿಂದೂ’ಗಳೇ. 1912ರಲ್ಲಿ ಸ್ಟಾಕ್‌ಟನ್‌ನಲ್ಲಿ ಗುರುದ್ವಾರ ಶುರುವಾಯಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಿಂದ ‘ಗದರ್’ ಪತ್ರಿಕೆ ಹೊರಟಿತು, ಬ್ರಿಟಿಷರ ವಿರುದ್ಧ. ನಮ್ಮ ಸ್ವಾತಂತ್ರ್ಯ ಹೋರಾಟದ ಒಂದು ಕವಲು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದವರ ಚಂದಾದಿಂದ ನಡೆದದ್ದು.

1917ರಲ್ಲಿ ಹೊಸ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು, ಭಾರತವೂ ಅದರಲ್ಲಿ ಬಂತು. ಬಂದವರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಇನ್ನು ಊರಿಂದ ಹೆಂಡತಿಯನ್ನು ಕರೆಸುವಂತಿಲ್ಲ. ಬಿಳಿಯ ಹೆಂಗಸನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡದು. ಆಗ ಅವರು ಮದುವೆಯಾಗಿದ್ದು ಅದೇ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಹೆಂಗಸರನ್ನು. ಮದುವೆ ಲೈಸೆನ್ಸ್ ಕೊಡುವ ಗುಮಾಸ್ತ ಇಬ್ಬರ ಮೈಬಣ್ಣ ನೋಡುತ್ತಿದ್ದ. ಎರಡೂ ಕಂದು. ಸರಿ, ಮುದ್ರೆ ಒತ್ತುತ್ತಿದ್ದ. ಹೀಗೆ ನೂರಾರು ಸಂಸಾರಗಳು ಹುಟ್ಟಿದವು. ಮಕ್ಕಳಿಗೆ ಮರಿಯಾ, ಹೋಸೆ ಅಂತ ಹೆಸರು, ಸಿಂಗ್ ಅಂತ ಅಡ್ಡಹೆಸರು. ಮನೆಯಲ್ಲಿ ಸ್ಪ್ಯಾನಿಷ್ ಮಾತು, ಒಲೆಯ ಮೇಲೆ ಟೋರ್ಟಿಯಾ ಮತ್ತು ರೊಟ್ಟಿ ಅಕ್ಕಪಕ್ಕ. ಅಪ್ಪ ಗುರುದ್ವಾರಕ್ಕೆ, ಅಮ್ಮ ಮತ್ತು ಮಕ್ಕಳು ಚರ್ಚಿಗೆ.

ಇನ್ನು ‘ಬಿಳಿಯ’ ಅಂದರೆ ಯಾರು ಅನ್ನುವ ತಕರಾರು. 1922ರಲ್ಲಿ ಒಜಾವಾ ಎಂಬ ಜಪಾನಿ ಮೂಲದವರು, ನನ್ನ ಚರ್ಮ ಬೆಳ್ಳಗಿದೆ, ಪೌರತ್ವ ಕೊಡಿ ಅಂದರು. ಚರ್ಮ ಮುಖ್ಯವಲ್ಲ, ‘ಕಕೇಷಿಯನ್’ ಅಂತ ಆಗಿನ ಪಂಡಿತರು ಕರೆಯುತ್ತಿದ್ದ ಜನಾಂಗದವರೇ ಬಿಳಿಯರು ಅಂದಿತು ಸುಪ್ರೀಂ ಕೋರ್ಟ್. ಮೂರು ತಿಂಗಳು ಬಿಟ್ಟು ಭಗತ್ ಸಿಂಗ್ ತಿಂದ್ ಅವರ ಕೇಸು ಬಂತು. ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೇನೆಯಲ್ಲಿದ್ದವರು. ಉತ್ತರ ಭಾರತದವರು ಕಕೇಷಿಯನ್ನರು ಅಂತ ಆಗಿನ ಪಂಡಿತರೇ ಬರೆದಿದ್ದಾರಲ್ಲ, ಹಾಗಾದರೆ ನಾನು ಬಿಳಿಯ ಅಂದರು. ಅದೇ ಕೋರ್ಟ್ ಈಗ ಅಂದಿದ್ದು: ಪಂಡಿತರ ಮಾತು ಬೇಡ, ಸಾಮಾನ್ಯ ಜನ ಬಿಳಿಯ ಅಂದರೆ ಯಾರು ಅಂದುಕೊಳ್ಳುತ್ತಾರೋ ಅದೇ ಅರ್ಥ. ಒಬ್ಬರಿಗೆ ಒಂದು ಅಳತೆಗೋಲು, ಇನ್ನೊಬ್ಬರಿಗೆ ಇನ್ನೊಂದು. ತೀರ್ಪಿನ ದಿನ 1923ರ ಫೆಬ್ರವರಿ 19. ಜಪಾನೀಯರನ್ನು ಶಿಬಿರಕ್ಕೆ ಕಳಿಸಿದ ಆದೇಶದ ತಾರೀಖೂ ಅದೇ, 19 ವರ್ಷಗಳ ಅಂತರದಲ್ಲಿ.

ಮೊದಲೇ ಪೌರತ್ವ ಸಿಕ್ಕಿದ್ದ ಭಾರತೀಯರದ್ದನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಾಗಾಯ್ ಅಂಥ ಒಬ್ಬರು. ಪೌರತ್ವ ಹೋಯಿತು, ಜಮೀನು ಕಾನೂನಿನಿಂದಾಗಿ ಆಸ್ತಿ ಹೋಯಿತು. ಭಾರತಕ್ಕೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಬ್ರಿಟಿಷರದ್ದು ತಗೊಳ್ಳಿ ಅಂದರು. ಬ್ರಿಟಿಷರನ್ನು ಬಿಟ್ಟು ಬಂದವರಿಗೆ! 1928ರಲ್ಲಿ ಅವರು ಜೀವ ಕಳೆದುಕೊಂಡರು. ಹೆಂಡತಿ ಕಲಾ ಬಾಗಾಯ್ ಮೂರು ಗಂಡುಮಕ್ಕಳನ್ನು ಬೆಳೆಸಿದರು. ಗಂಡ ಬದುಕಿದ್ದಾಗ ಈ ಸಂಸಾರ ಬರ್ಕ್ಲಿಯಲ್ಲಿ ಒಂದು ಮನೆ ಕೊಂಡಿತ್ತು. ಸಾಮಾನು ಹೊತ್ತು ಬಂದರೆ ನೆರೆಯವರು ಮನೆಗೆ ಬೀಗ ಜಡಿದು ನಿಂತಿದ್ದರು. ಈಗ ಅದೇ ಬರ್ಕ್ಲಿಯ ಪೇಟೆಯಲ್ಲಿ ಕಲಾ ಬಾಗಾಯ್ ಅವರ ಹೆಸರಿನ ರಸ್ತೆ ಇದೆ.

ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರಲ್ಲಿ, ವಲಸೆಗೆ ವರ್ಷಕ್ಕೆ 100ರ ಕೋಟಾದ ಜೊತೆ. ಗಣಿತದಲ್ಲಿ ಡಾಕ್ಟರೇಟ್ ಮಾಡಿಯೂ ಇಂಪೀರಿಯಲ್ ಕಣಿವೆಯಲ್ಲಿ ಹೊಲ ಮಾಡಿಕೊಂಡಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು. 1956ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು. ಏಷ್ಯಾ ಮೂಲದವರೊಬ್ಬರು ಅಲ್ಲಿಗೆ ಗೆದ್ದು ಹೋಗಿದ್ದು ಅದೇ ಮೊದಲು.

ಸ್ವಂತ ದೇಶದವರನ್ನೂ ತಡೆದಾಗ

ಇದು ಬರೀ ಬಣ್ಣದ ವಿಷಯ ಅಂದುಕೊಳ್ಳುವ ಹಾಗಿಲ್ಲ. 1930ರ ದಶಕದಲ್ಲಿ ಒಕ್ಲಹೋಮಾ ಸುತ್ತಿನ ರಾಜ್ಯಗಳಲ್ಲಿ ಬರ ಬಿತ್ತು, ಹೊಲದ ಮಣ್ಣೇ ಗಾಳಿಗೆ ಹಾರಿಹೋಯಿತು. 3 ಲಕ್ಷಕ್ಕೂ ಹೆಚ್ಚು ಜನ ಹಳೇ ಕಾರುಗಳ ಮೇಲೆ ಹಾಸಿಗೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ಕಡೆ ಹೊರಟರು. ಬಿಳಿಯರು, ಅಮೆರಿಕನ್ನರು. ಆದರೂ 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಯಲ್ಲಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸಿದರು. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಅನ್ನುವ ಕಾನೂನೂ ಇತ್ತು. 1941ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಮರುವರ್ಷವೇ ಕೈ ಸಾಲದಾಯಿತು. ಯುದ್ಧದ ಹಡಗು ಕಟ್ಟಲು ರಿಚ್ಮಂಡ್, ಓಕ್ಲೆಂಡ್, ಲಾಸ್ ಏಂಜಲೀಸ್‌ಗಳಿಗೆ ದಕ್ಷಿಣ ರಾಜ್ಯಗಳಿಂದ ಕರಿಯರು ದೊಡ್ಡ ಸಂಖ್ಯೆಯಲ್ಲಿ ಬಂದರು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಕರಿಯರಿಗೆ ಮಾರಬಾರದು ಅಂತ ಮನೆಯ ಕ್ರಯಪತ್ರದಲ್ಲೇ ಬರೆದಿರುತ್ತಿತ್ತು. ಅಂಥ ಷರತ್ತಿಗೆ ಕೋರ್ಟಿನ ಬಲ ತಪ್ಪಿದ್ದು 1948ರಲ್ಲಿ.

ತೋಳು ಬೇಕು, ಆಳು ಬೇಡ

ಮೆಕ್ಸಿಕೊದವರ ವಿಷಯದಲ್ಲಿ ಬಾಗಿಲು ತೆರೆದು ಮುಚ್ಚುವುದು ಇನ್ನೂ ಬಿರುಸು. 1930ರ ದಶಕದಲ್ಲಿ ಕೆಲಸ ಇಲ್ಲ ಅಂತ ಲಕ್ಷಾಂತರ ಮಂದಿಯನ್ನು ಅಮೆರಿಕದಿಂದ ಸಾಗಹಾಕಿದರು. ಅಲ್ಲೇ ಹುಟ್ಟಿದ ಮಕ್ಕಳೂ ಆ ರೈಲುಗಳಲ್ಲಿದ್ದರು. 1942ರಲ್ಲಿ ಯುದ್ಧ ಬಂತು, ಹೊಲಕ್ಕೆ ಜನ ಇಲ್ಲ. ಮೆಕ್ಸಿಕೊ ಜೊತೆ ಒಪ್ಪಂದ ಮಾಡಿಕೊಂಡು ಕಾಂಟ್ರ್ಯಾಕ್ಟ್ ಮೇಲೆ ಕೂಲಿಗಳನ್ನು ತರಿಸಿದರು. ಆ ಕೂಲಿಗಳಿಗೆ ‘ಬ್ರಸೇರೋ’ ಅಂತ ಹೆಸರು. ಸ್ಪ್ಯಾನಿಷ್‌ನಲ್ಲಿ ಬ್ರಾಸೋ ಅಂದರೆ ತೋಳು. 1964ರಲ್ಲಿ ನಿಲ್ಲುವವರೆಗೆ ಇಡೀ ಅಮೆರಿಕದಲ್ಲಿ 40 ಲಕ್ಷಕ್ಕೂ ಹೆಚ್ಚು ಕಾಂಟ್ರ್ಯಾಕ್ಟ್‌ಗಳಾದವು. ಬೆಳೆ ಮುಗಿದರೆ ವಾಪಸ್ ಹೋಗಬೇಕು.

ಆ ಹೊಲಗಳಲ್ಲಿ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಇಡೀ ದಿನ ಬಗ್ಗಿಯೇ ಕೆಲಸ. ಮೇಸ್ತ್ರಿಗೆ ಇದರಲ್ಲಿ ಒಂದು ಅನುಕೂಲ: ಯಾರಾದರೂ ಸೊಂಟ ನೆಟ್ಟಗೆ ಮಾಡಿದರೆ ದೂರದಿಂದಲೇ ಕಾಣುತ್ತದೆ. ರಾಜ್ಯ ಆ ಗುದ್ದಲಿಯನ್ನು ನಿಷೇಧಿಸಿದ್ದು 1975ರಲ್ಲಿ.

ಅದಕ್ಕೂ ಹತ್ತು ವರ್ಷ ಮುಂಚೆ, 1965ರ ಸೆಪ್ಟೆಂಬರ್ 8ರಂದು, ಡೆಲಾನೋ ಊರಿನ ದ್ರಾಕ್ಷಿ ತೋಟಗಳಲ್ಲಿ ಫಿಲಿಪಿನೋ ಕೂಲಿಗಳು ಕೆಲಸ ನಿಲ್ಲಿಸಿದರು. ನಾಯಕ ಲ್ಯಾರಿ ಇಟ್ಲಿಯಾಂಗ್. ಇಂಥ ಹೊತ್ತಲ್ಲಿ ಮಾಲೀಕರ ಹಳೇ ಉಪಾಯ ಒಂದಿತ್ತು. ಒಂದು ಜನ ಮುಷ್ಕರ ಹೂಡಿದರೆ ಇನ್ನೊಂದು ಜನವನ್ನು ತಂದು ಕೆಲಸ ಮಾಡಿಸುವುದು. ಈ ಸಲ ಅದು ನಡೆಯಲಿಲ್ಲ. ಸೀಸರ್ ಚಾವೆಜ್ ಮತ್ತು ಡೊಲೊರೆಸ್ ಹುಯೆರ್ಟಾ ಅವರ ಮೆಕ್ಸಿಕನ್ ಸಂಘಟನೆ ಎಂಟೇ ದಿನದಲ್ಲಿ ಜೊತೆಗೂಡಿತು. ದೇಶದ ಮನೆಮನೆಗಳಲ್ಲಿ ಜನ ದ್ರಾಕ್ಷಿ ಕೊಳ್ಳುವುದನ್ನು ಬಿಟ್ಟರು. ಐದು ವರ್ಷ ಹಿಡಿದು 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಬಂದರು.

1965ರ ಕಾನೂನು, ನಮ್ಮವರು

ದ್ರಾಕ್ಷಿ ಮುಷ್ಕರ ಶುರುವಾದ ಮರುತಿಂಗಳೇ ವಾಷಿಂಗ್ಟನ್‌ನಲ್ಲಿ ಹೊಸ ವಲಸೆ ಕಾನೂನು ಬಂತು. ದೇಶ, ಬಣ್ಣ ನೋಡಿ ಕೊಡುತ್ತಿದ್ದ ಹಳೇ ಕೋಟಾ ಹೋಯಿತು. ಅಲ್ಲಿ ಹತ್ತಿರದ ನೆಂಟರಿದ್ದಾರಾ, ಅಥವಾ ಬೇಕಾದ ಕಸುಬು ಗೊತ್ತಾ, ಇವು ಮುಖ್ಯವಾದವು. ಡಾಕ್ಟರು, ಇಂಜಿನಿಯರುಗಳು ಹೊರಟರು. ವಿಯೆಟ್ನಾಂ ಯುದ್ಧ ಮುಗಿದ 1975ರ ನಂತರ ನಿರಾಶ್ರಿತರು ಬಂದರು. ವೆಸ್ಟ್‌ಮಿನ್‌ಸ್ಟರ್ ಊರಿನ ಸುತ್ತ ‘ಲಿಟಲ್ ಸೈಗಾನ್’ ಬೆಳೆಯಿತು. ಫ್ರೆಸ್ನೋಗೆ ಲಾವೋಸ್‌ನ ಮಾಂಗ್ ಜನ, ಲಾಂಗ್ ಬೀಚ್‌ಗೆ ಕಾಂಬೋಡಿಯಾದವರು. ಕ್ಯಾಲಿಫೋರ್ನಿಯಾದ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯಾ ಮೂಲದವರದ್ದು. ಒಬ್ಬ ಕಲಿತು, ಊರಿನ ಇನ್ನೊಬ್ಬನನ್ನು ಕೂರಿಸಿ, ಅವನು ತನ್ನ ಭಾವನನ್ನು ಕರೆಸಿ ಬೆಳೆದದ್ದು. ನಮ್ಮ ಉಡುಪಿ ಹೋಟೆಲುಗಳು ಮುಂಬೈ ತುಂಬ ಹಬ್ಬಿದ್ದು ಹೀಗೇ ಅಲ್ವಾ?

ಕನ್ನಡಿಗರ ಲೆಕ್ಕ ಇಲ್ಲಿಂದ ಶುರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. 2014ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಸ್ಯಾನ್ ಹೋಸೆಯಲ್ಲೇ ನಡೆಯಿತು. ನಡುವೆ ನಡೆದದ್ದು ಸಾಫ್ಟ್‌ವೇರ್. ಎಚ್-1ಬಿ ಬಂದಿದ್ದು 1990ರ ಕಾನೂನಿನಿಂದ. ವರ್ಷಕ್ಕೆ ಸಾಮಾನ್ಯವಾಗಿ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ ಇನ್ನೂ 20,000. ಅರ್ಜಿಗಳು ಜಾಸ್ತಿ ಬಂದರೆ ಲಾಟರಿ.

ಅಸಲಿ ಗಂಟು ಇರುವುದು ಗ್ರೀನ್ ಕಾರ್ಡ್‌ನಲ್ಲಿ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಒಂದೇ ದೇಶಕ್ಕೆ ಅದರಲ್ಲಿ ಶೇ 7ಕ್ಕಿಂತ ಜಾಸ್ತಿ ಹೋಗಬಾರದು, ಅಂದರೆ ಹತ್ತು ಸಾವಿರದ ಹತ್ತಿರ. ಒಂದು ಹಾಸ್ಟೆಲ್ ಇದೆ, ಪ್ರತಿ ಜಿಲ್ಲೆಗೂ ಏಳೇ ಸೀಟು ಅಂದುಕೊಳ್ಳಿ. ಕೊಡಗಿಗೂ ಏಳು, ಬೆಂಗಳೂರಿಗೂ ಏಳು. ಕೊಡಗಿನವರಿಗೆ ಕೂಡಲೇ ಸಿಗುತ್ತದೆ, ಬೆಂಗಳೂರಿನವರ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ. ಐಸ್‌ಲೆಂಡ್‌ಗೂ ಭಾರತಕ್ಕೂ ಒಂದೇ ಮಿತಿ. ಸಾಲು ಉದ್ದ ಆದದ್ದು ಹೀಗೆ.

ನನ್ನ ಚಿಕ್ಕಮ್ಮನ ಮಗ ಸನ್ನಿವೇಲ್‌ನಲ್ಲಿದ್ದಾನೆ. ಹತ್ತು ವರ್ಷದಿಂದ ಆ ಸಾಲಿನಲ್ಲಿದ್ದಾನೆ. ಅವನ ಮನೆಗೆ ಹೋದಾಗ ಸಂಜೆ ವಾಕಿಂಗ್‌ಗೆ ಅಂತ ಒಂದು ಏಪ್ರಿಕಾಟ್ ತೋಟಕ್ಕೆ ಕರೆದುಕೊಂಡು ಹೋದ. ಊರ ನಡುವೆ ಹತ್ತು ಎಕರೆಯಷ್ಟು ತೋಟ, ಸುತ್ತ ಅಪಾರ್ಟ್‌ಮೆಂಟು. ಚಿಪ್ ಕಂಪನಿಗಳು ಬರುವ ಮೊದಲು ಇಡೀ ಸಾಂತಾ ಕ್ಲಾರಾ ಕಣಿವೆ ಹೀಗೇ ಇತ್ತು. ಪ್ಲಮ್, ಏಪ್ರಿಕಾಟ್, ಚೆರಿ. ಹಣ್ಣು ಕಿತ್ತವರು, ಡಬ್ಬಿ ತುಂಬಿದವರು ಚೀನೀಯರು, ಜಪಾನೀಯರು, ಇಟಲಿ ಮತ್ತು ಪೋರ್ಚುಗಲ್‌ನವರು, ಫಿಲಿಪಿನೋಗಳು, ಮೆಕ್ಸಿಕನ್ನರು. ಈಗ ಉಳಿದ ಈ ತುಂಡನ್ನು ನೆನಪಿಗೆ ಅಂತ ಇಟ್ಟುಕೊಂಡಿದ್ದಾರೆ. ಅವನ ಮಗಳು ಮುಂದೆ ಓಡುತ್ತಿದ್ದಳು. ಅವಳು ಹುಟ್ಟಿದ್ದು ಅಲ್ಲೇ, ಹತ್ತಿರದ ಆಸ್ಪತ್ರೆಯಲ್ಲಿ. ಅವಳದ್ದು ಅಮೆರಿಕದ ಪಾಸ್‌ಪೋರ್ಟ್. ಅಪ್ಪನ ವೀಸಾ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ, ರಿನ್ಯೂವಲ್‌ಗೆ ಕಾಗದ ಕೊಟ್ಟಾಗಿದೆ.